ಮೂರನೇ ತೊಟ್ಟಿ

ನಕ್ಷೆಯಲ್ಲಿ ಈ ಜಾಗಕ್ಕೆ ಒಂದು ಸಂಖ್ಯೆ, ಸುತ್ತ ಕೆಂಪು ಗೆರೆ.
ಪೀಣ್ಯ ಎರಡನೇ ಹಂತ, ಬೀಗ ಬಿದ್ದು ಹದಿನಾಲ್ಕು ವರ್ಷ.
ಮೊಳಕ್ಕೊಂದು ಹಿಡಿ ಮಣ್ಣು ತೆಗೆದು
ಚೀಲಕ್ಕೆ ಕಟ್ಟಿ, ಚೀಟಿ ಅಂಟಿಸಿ
ಲ್ಯಾಬಿಗೆ ಕಳಿಸುವವಳು ನಾನು. ಅಷ್ಟೇ ನನ್ನ ಕೆಲಸ.

ಗೇಟಿನ ಹತ್ತಿರ ನಿಂತಿದ್ದ ದಾವಲಸಾಬರು ಕೇಳಿದರು,
"ಮೂರನೇ ತೊಟ್ಟಿ ಎಲ್ಲಿತ್ತು, ಗೊತ್ತೈತೇನ್ರೀ?"
ನಕ್ಷೆಯಲ್ಲಿ ಇದ್ದದ್ದೇ ಎರಡು.
ಅವರು ಕಣ್ಣು ಮುಚ್ಚಿ ನಡೆದರು:
ಗೇಟಿನಿಂದ ಹದಿನೇಳು ಹೆಜ್ಜೆ, ಎಡಕ್ಕೆ ನಾಲ್ಕು,
ಇಲ್ಲದ ತೊಟ್ಟಿಯ ಬಿಸಿ ತಾಗದ ಹಾಗೆ
ಒಂದು ಕಡೆ ಸೊಂಟ ಓರೆ ಮಾಡಿ.
ಹಿಮ್ಮಡಿ ಊರಿ ನಿಂತರು. "ಇಲ್ಲಿ ಅಗೀರಿ."

ನಾಲ್ಕಡಿಗೆ ಹಳದಿ ಬಂತು.
ಅರಿಶಿನದ್ದಲ್ಲ, ಸೇವಂತಿಗೆಯದ್ದಲ್ಲ;
ಬೋರ್‌ವೆಲ್ ನೀರಲ್ಲಿ ಕಾಣಿಸಿಕೊಂಡು
ಇಡೀ ಓಣಿಯನ್ನು ಕ್ಯಾನ್ ನೀರಿಗೆ ತಿರುಗಿಸಿದ ಹಳದಿ.

ಇಪ್ಪತ್ತೆರಡು ವರ್ಷ
ಬೈಕಿನ ಸೈಲೆನ್ಸರು, ನಲ್ಲಿ, ಬಾಗಿಲ ಹಿಡಿಕೆ
ಕ್ರೋಮಿನಲ್ಲಿ ಅದ್ದಿ ತೆಗೆದವರು ಅವರು.
ಅವರ ಹೊಳಪಲ್ಲಿ ಊರೆಲ್ಲ ತಲೆ ಬಾಚಿಕೊಂಡಿದೆ.
ಆ ಹಬೆ ಅವರ ಮೂಗಿನ ನಡುಗೋಡೆ ಕೊರೆದು
ಒಂದು ಕಿಟಕಿ ಇಟ್ಟಿದೆ.
"ಕೊಪ್ಪಳ ಬಿಡೋವಾಗ ಇದು ಇರಲಿಲ್ಲ" ಎಂದು ನಗುತ್ತಾರೆ.

ಲಾರಿಗಳು ಬಂದವು. ಟಾರ್ಪಾಲು ಬಿಗಿದು
ಹಳದಿಯನ್ನು ಹೊತ್ತು ಹೋದವು.
ಎಲ್ಲಿಗೆ ಅಂತ ಯಾರೋ ಕೇಳಿದರು. ಊರಾಚೆ, ಎಂದೆ.
"ಆ ಊರಾಚೇನೂ ಯಾರದೋ ಊರೇ ಅಲ್ಲೇನ್ರೀ."
ನಾನು ತಲೆ ಎತ್ತದೆ ಚೀಟಿ ಬರೆಯುತ್ತಿದ್ದೆ.

ಆಮೇಲೆ ಲಾವಂಚ. ಎರಡು ಮಳೆಗಾಲ ಸಾಸಿವೆ.
ಬೋರ್ಡು: ಇಲ್ಲಿನ ಸೊಪ್ಪು ಕೀಳಬಾರದು, ದನ ಬಿಡಬಾರದು.
ಅಷ್ಟು ಚೆಂದ ಹೂ ಬಿಟ್ಟದ್ದನ್ನು
ಒಗ್ಗರಣೆಗಲ್ಲದೆ ಸುಡಲಿಕ್ಕೆ ಕೊಯ್ದಾಗ
ಗಾರ್ಮೆಂಟ್ಸ್‌ನ ಹೆಂಗಸರು ಬೇಲಿಯಾಚೆ ನಿಂತು
ನಮ್ಮನ್ನು ಬೈದರು, ಮೆಲ್ಲಗೆ.

ಈಗ ಅಂಗನವಾಡಿ, ಬಟ್ಟೆ ಒಣಹಾಕುವ ತಂತಿ,
ಇನ್ನೂ ನೆಟ್ ಬರದ ವಾಲಿಬಾಲ್ ಕಂಬಗಳು.
ಕಲ್ಲಿನ ಮೇಲೆ ಹನ್ನೊಂದು ಹೆಸರು.
ತೊಟ್ಟಿ ತೋರಿಸಿದವರಿಗೆ
ರಾತ್ರಿ ಕಾವಲು, ಒಂದು ಟಾರ್ಚು.

ಮೊನ್ನೆ ಮೊದಲ ಮಳೆ.
ಮಣ್ಣಿನ ವಾಸನೆ ಅಂತ ಮಕ್ಕಳು ಹೊರಗೋಡಿದರು.
ದಾವಲಸಾಬರೂ ಮುಖ ಎತ್ತಿ ನಿಂತರು,
ಏನೂ ಸಿಗಲಿಲ್ಲ.
ಪಕ್ಕದ ಇಂಪನಳನ್ನು ಕೇಳಿದರು, "ಹೆಂಗೈತವಾ?"

ಅವಳು ಬಗ್ಗಿ ಒಂದು ಚಿಟಿಕೆ ತೆಗೆದು
ಬೇಡ ಎಂದು ನಾನು ಕೂಗುವ ಮೊದಲೇ
ನಾಲಿಗೆ ಮೇಲಿಟ್ಟುಕೊಂಡು ಯೋಚಿಸಿದಳು.

ಕಳೆದ ವರದಿಯ ಅಂಕಿಗಳನ್ನು
ನಾನು ಮನಸ್ಸಲ್ಲೇ ಇನ್ನೊಮ್ಮೆ ಓದಿಕೊಂಡೆ.