ಎಂಟನೆಯ ಗೀಟು

ಇಬ್ರಿ ದಾಟಿ, ಕಪ್ಪು ಗುಡ್ಡಗಳ ಹಿಂದೆ
ಬೆಳಗಿನ ಐದಕ್ಕೇ ಪಿಕಪ್ ನಿಲ್ಲಿಸುತ್ತೇನೆ.
ಕಬ್ಬಿಣದ ತಟ್ಟೆಗಳಿಗೆ ಬಿಳಿ ಬಣ್ಣ ಬಳಿಯುವ ಕೆಲಸ:
ಮುನ್ನೂರರದು, ಐನೂರರದು,
ಕೊನೆಗೆ ಎಂಟುನೂರು ಮೀಟರಿನದು, ಹರಿವಾಣದಷ್ಟಗಲ.
ನಿನ್ನೆ ಬಂದವರ ಗುರಿಯನ್ನೆಲ್ಲ ಅಳಿಸುತ್ತೇನೆ.
ಒಣಗುವ ಮೊದಲೇ ಮರಳು ಬಂದು ಅಂಟುತ್ತದೆ.

ಒಂಬತ್ತು ವರ್ಷ. ಬಂದೂಕಿನ ಈ ತುದಿಯಷ್ಟೇ ಗೊತ್ತು.

ಖಲ್ಫಾನ್, ಹಳೆಯ ಪಟಾಲಮ್ಮಿನವ, ಒಂದು ಕಣ್ಣಿಗೆ ಪೊರೆ,
ಮೊನ್ನೆ ಯಾರೂ ಬಾರದ ಮಧ್ಯಾಹ್ನ
ಚಾಪೆ ತಟ್ಟಿ ಕರೆದ: ಯಾ ದುರ್ಗಾ, ಮಲಗು.

ಗಾಜಿನೊಳಗೆ ಒಂದು ಶಿಲುಬೆ.
ಅದರ ಕಾಲಿನುದ್ದಕ್ಕೂ ಇಳಿಯುವ ಸಣ್ಣ ಗೀಟುಗಳು,
ನೀರಿನ ಆಳ ನೋಡುವ ಗಳುವಿನ ಮೇಲಿನ ಹಾಗೆ.
ತಟ್ಟೆಯ ನಟ್ಟನಡುವೆ ಶಿಲುಬೆ ಇಟ್ಟೆ.
ಇನ್ನೆಲ್ಲಿ ಇಡುವುದು?
ಎಷ್ಟೋ ಈಚೆ, ನೆಲ ಸೀನಿತು.

ಗುಂಡಿಗೂ ಭಾರವಿದೆ, ಅಂದ ಖಲ್ಫಾನ್,
ಹೊರಟ ಗಳಿಗೆಯಿಂದಲೇ ಬೀಳುತ್ತಿರುತ್ತದೆ.
ಎಂಟನೆಯ ಗೀಟನ್ನು ತಟ್ಟೆಗೆ ತಾ.
ನಡುವನ್ನು ಬಿಟ್ಟುಬಿಡು.

ಬಿಟ್ಟೆ. ಶಿಲುಬೆ ತಟ್ಟೆ ಬಿಟ್ಟಿತು, ದಿಬ್ಬ ಬಿಟ್ಟಿತು,
ಬರೀ ಆಕಾಶದಲ್ಲಿ ಹೋಗಿ ನಿಂತಿತು.
ಏನೂ ಇಲ್ಲದ ಕಡೆಗೆ ಅಷ್ಟು ನಿಖರವಾಗಿ
ನಾನು ಯಾವತ್ತೂ ನೋಡಿರಲಿಲ್ಲ.

ಇಲ್ಲ, ನೋಡಿದ್ದೆ. ಗಂಗೊಳ್ಳಿಯ ಕಡವು, ಜಟ್ಟ ಮಾವನ ದೋಣಿ,
ಇಳಿತದ ಸೆಳವು. ನನ್ನ ಕೈಗೆ ಹುಟ್ಟು ಕೊಟ್ಟು ಅವನಂದದ್ದು:
ಮೂತಿ ಕಟ್ಟೆಗ್ ಕೊಡ್ಬೇಡ ಮಗ,
ಮೇಲಿನ್ ಸುಣ್ಣದ್ ಗೂಡಿಗ್ ಕೊಡ್.
ಉಳ್ದದ್ ಹೊಳಿ ಮಾಡತ್ತ್.

ಎರಡನೆಯದು ತಟ್ಟೆಯ ಮೇಲಿಂದ ಹಾರಿ
ಹಿಂದಿನ ಗುಡ್ಡಕ್ಕೆ ಬಡಿಯಿತು.
ಖಲ್ಫಾನ್ ಬೈದದ್ದು ನನ್ನನ್ನಲ್ಲ,
ಗಾಜಿನ ಬಳೆಯನ್ನು ಅರ್ಧಕ್ಕೆ ತಿರುಗಿಸಿ ಹೋದ ಯಾವನನ್ನೋ.
ಇದು ಹಳೇ ಗಾಜು, ಅಂದ. ಪೂರ್ತಿ ದೊಡ್ಡದು ಮಾಡಿದರಷ್ಟೇ
ಗೀಟು ನಿಜ ಹೇಳುತ್ತದೆ.
ಅರ್ಧದಲ್ಲಿ, ಒಂದಕ್ಕೆ ಎರಡು ಹೇಳುತ್ತದೆ.
ನನಗೆ ಕೆಲಸ ಕೊಡಿಸಿದ ಏಜೆಂಟನ ನೆನಪಾಯಿತು.

ಬಿಸಿಲುಗುದುರೆ ಎದ್ದಿತ್ತು.
ಅದರ ಬೆನ್ನ ಮೇಲೆ ನನ್ನ ತಟ್ಟೆ ಕುಲುಕುತ್ತಿತ್ತು,
ನಾನೇ ನೆಟ್ಟ ಕಂಬ ನೀರಲ್ಲಿ ನಿಂತಂತಿತ್ತು.
ಬೆರಳ ಕೆಳಗೆ ಇನ್ನೊಂದು ಕುದುರೆ.
ಉಸಿರು ಬಿಟ್ಟು, ಅದನ್ನು ಮೆಲ್ಲಗೆ ಎಳೆದೆ.

ಒಂದು.
ಎರಡು.
ಖಲ್ಫಾನ್ ಗಡ್ಡ ಕೆರೆಯುವುದನ್ನು ನಿಲ್ಲಿಸಿದ.
ಮೂರು,
ಮತ್ತೆ ಅರ್ಧ.
ಟಣ್.
ದೂರದ ಶಾಲೆಯಲ್ಲಿ ಯಾರೋ ಗಂಟೆ ಮುಟ್ಟಿದಷ್ಟೇ ಸದ್ದು.

ಮರುದಿನ ಐದಕ್ಕೆ ಹೋಗಿ ನೋಡಿದೆ.
ಕೆಳಗಿನ ಅಂಚು, ಎಡಕ್ಕೆ,
ಹೆಬ್ಬೆಟ್ಟಿನಷ್ಟು ಬೂದು ಕಲೆ. ತಡವಿದರೆ ತಣ್ಣಗಿತ್ತು.
ಬ್ರಷ್ಷು ಅದ್ದಿಕೊಂಡು ಸ್ವಲ್ಪ ಹೊತ್ತು ನಿಂತೆ.
ಬಣ್ಣದ ಹನಿ ಚಪ್ಪಲಿಯ ಮೇಲೆ ಬಿತ್ತು.

ಬಳಿದೆ.
ಒಂದು ಕೋಟು ಸಾಲಲಿಲ್ಲ.