ಜಾಲರಿ

ಮಂಡ್ಯದ ನಾಲೆ ಕಚೇರಿ. ಹದಿನೇಳು ಕಂಪ್ಯೂಟರು.
ಎರಡಕ್ಕೆ ಫ್ಯಾನಿನ ಕೆಮ್ಮು, ಒಂದಕ್ಕೆ ಇಲಿ ಕಡಿದ ವೈರು.
ನಾನು ಹೊರಗುತ್ತಿಗೆ. ಹಾಜರಿ ಪುಸ್ತಕದ
ಕೊನೆಯ ಹಾಳೆಯಲ್ಲಿ, ಪೆನ್ಸಿಲಿನಲ್ಲಿ, ನನ್ನ ಹೆಸರು.

ಬ್ರೌಸರಿನ ಮೂಲೆಗೊಂದು ಪುಟ್ಟ ಕೆಂಪು ಗುರಾಣಿ
ಕೂರಿಸಿದ್ದು ನಾನೇ, ಯುಗಾದಿ ಕಳೆದ ವಾರ.
ಕ್ರಿಕೆಟ್ಟು ಬೇಡ, ಜೂಜು ಬೇಡ, ಬತ್ತಲೆ ಬೇಡ
ಎಂದು ಬೆಂಗಳೂರಿನಿಂದ ಬಂದ ತಡೆಪಟ್ಟಿ,
ಒಂಬೈನೂರ ನಲವತ್ತು ಪದ, ಎಲ್ಲಾ ಇಂಗ್ಲಿಷು.
ಓದಿ ನೋಡಲಿಲ್ಲ. ಓದುವುದು ನನ್ನ ಕೆಲಸದಲ್ಲಿರಲಿಲ್ಲ.

ಸೋಮವಾರ ಬೆಟ್ಟದಕೊಪ್ಪಲು ತೆರೆಯಲಿಲ್ಲ.
ಊರು ಅಲ್ಲೇ ಇತ್ತು, ಬಸ್ಸೂ ಹೋಗಿ ಬಂತು;
ಅದರ ನೀರಿನ ಸರದಿಯ ಪುಟ ಮಾತ್ರ
'ಈ ತಾಣ ನಿಮಗಲ್ಲ' ಎಂದು ಕೈ ಅಡ್ಡ ಹಿಡಿಯಿತು.
ಮಂಗಳವಾರ ಬೆಟ್ಟಹಳ್ಳಿ. ಬುಧವಾರ ಬಿಳಿಬೆಟ್ಟದ ಕೆಳನಾಲೆ.
ಕೌಂಟರಿನಾಚೆಯ ಸಾಲು ಮೆಟ್ಟಿಲಿಳಿದು
ಬೇವಿನ ಮರ ಮುಟ್ಟಿತು.

ಕ್ಯಾಶೆ ಅಳಿಸಿದೆ. ಕುಕಿ ಗುಡಿಸಿದೆ. ಆರಿಸಿ ಹಚ್ಚಿದೆ,
ನಮ್ಮ ವಿದ್ಯೆಯ ಮುಕ್ಕಾಲು ಇಷ್ಟೇ.
ಗುರಾಣಿಯನ್ನೇ ಕಿತ್ತು ನೋಡೋಣವೆಂದರೆ ಗುಂಡಿ ಬೂದಿಬಣ್ಣ:
'ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ.'
ಸಂಸ್ಥೆ ಅಂದರೆ ಯಾರು, ಇಲ್ಲಿ ನಾನೇ ತಾನೆ
ಅಂದುಕೊಂಡು ಇನ್ನೊಮ್ಮೆ ಒತ್ತಿದೆ. ಅಲುಗಲಿಲ್ಲ.

ಸರದಿ ಕೇಳಲು ಬಂದಿದ್ದ ಹಳೇ ನೀರುಗಂಟಿ ಜವನಯ್ಯ
ಕಿಟಕಿಯ ಸರಳಿಗೆ ಹಣೆ ಆನಿಸಿ ನಿಂತಿದ್ದರು.
"ತೂಬಿನ್ ಬಾಯ್ಗೆ ಜಾಲ್ರಿ ಆಕ್ತಿದ್ದೊ ಕಣವ್ವ, ಕಸ ತಡೀಲಿ ಅಂತ.
ಕಸದ್ ಜೊತ್ಗೆ ಮೀನೂ ಸಿಗಾಕತ್ತವೆ.
ಅದ್ಕೇಯ ಒತ್ತಾರೆ ಎದ್ದು ಯಾರಾರ ಒಬ್ರು
ನೀರ್ಗಿಳ್ದು ಕೈಯಾಡಿಸ್ಬೇಕು. ಜಾಲ್ರೀಗೇನ್ ಗೊತ್ತು?"

ಸಂಜೆ ಎಲ್ಲರೂ ಹೋದ ಮೇಲೆ ನೀರಿಗಿಳಿದೆ.
ಸೂಪರಿಂಟೆಂಡೆಂಟರ ಮೇಜಿನ ಗಾಜಿನಡಿ
ಪಾಸ್‌ವರ್ಡಿನ ಚೀಟಿ, ಕಚೇರಿಗೆಲ್ಲ ಗೊತ್ತು.
ಒಳಗೆ ದಾಖಲೆಯ ಸಾಲು ಸಾಲು:
ಯಾವ ಯಂತ್ರ, ಎಷ್ಟು ಹೊತ್ತಿಗೆ, ಯಾವ ಪದಕ್ಕೆ.
ಸಿಕ್ಕಿತು. ಬಿ, ಇ, ಟಿ.
ಬಾಜಿ ಕಟ್ಟುವವರ ಇಂಗ್ಲಿಷು,
ನಮ್ಮ ಬೆಟ್ಟಗಳ ಹೊಟ್ಟೆಯೊಳಗೆ ಹುಟ್ಟಿನಿಂದಲೇ ಕೂತದ್ದು.
ಬೆಟ್ಟ ಅಗೆದು ಇಲಿ ಹಿಡಿದರಂತೆ; ನನಗೆ ಮೂರಕ್ಷರ.
ಒಬ್ಬಳೇ ಜೋರಾಗಿ ನಕ್ಕೆ.
ವಾಚ್‌ಮನ್ ಸಿದ್ದಪ್ಪಾಜಿ ಟಾರ್ಚು ಬಿಟ್ಟು ನೋಡಿ ಹೋದ.

ಅಲ್ಲಿಗೇ ಮುಚ್ಚಬಹುದಿತ್ತು.
ಬೆರಳು ಇನ್ನೊಂದು ಸಾಲು ಕೆಳಗೆ ಸರಿಯಿತು.

ಹನ್ನೊಂದನೇ ಯಂತ್ರ. ಮಧ್ಯಾಹ್ನ ಒಂದು ನಲವತ್ತು.
ಎಲ್ಲರೂ ಊಟದ ಡಬ್ಬಿ ಬಿಚ್ಚುವ ಹೊತ್ತು.
ಎದೆಯಲ್ಲಿ ಗಂಟು, ನೋವಿಲ್ಲ, ಏನಿರಬಹುದು
ಎಂದು ಮುರುಕು ಇಂಗ್ಲಿಷಿನಲ್ಲಿ ಕೇಳಿದ್ದಾರೆ.
ಕಾಗುಣಿತ ಸರಿಯಿದ್ದ ಒಂದೇ ಪದ
ತಡೆಪಟ್ಟಿಯಲ್ಲಿತ್ತು.
ನಿಮಗಲ್ಲ.
ಒಂದು ನಲವತ್ತೆರಡು. ನಿಮಗಲ್ಲ.
ಮಾರನೆಯ ದಿನ, ಅದೇ ಹೊತ್ತು. ನಿಮಗಲ್ಲ.
ಆಮೇಲೆ ಕೇಳಿಲ್ಲ.

ಬೆಟ್ಟಕ್ಕಾಗಿ ಅರವತ್ತು ಜನ ಕೂಗಾಡಿದ್ದರು.
ಇದಕ್ಕೆ ಯಾರೂ ನನ್ನನ್ನು ಕರೆದಿರಲಿಲ್ಲ.

ಪಟ್ಟಿಯ ಒಂದು ಪದ ಸಡಿಲಿಸಲು ಮೇಲಿನವರ ಅನುಮತಿ, ಮೂರು ದಿನ.
ಬೆಟ್ಟಕ್ಕೆ ಪತ್ರ ಬರೆದೆ, ನಿಯಮದಂತೆ;
ಅಲ್ಲಿಯತನಕ ಸರದಿ ನೋಡಲು ನನ್ನ ಮೊಬೈಲು.
ಇನ್ನೊಂದು ಪದಕ್ಕೆ ಪತ್ರ ಬರೆಯಲಿಲ್ಲ.
ಏನೆಂದು ಬರೆಯಲಿ, ಯಾರ ಹೆಸರು ಹಾಕಲಿ?
ತೆಗೆದೆ.

ಬೆಳಿಗ್ಗೆ ಒಂದು ಮೌಸು ಹಿಡಿದು, ಬದಲಿಸುವ ನೆಪದಲ್ಲಿ,
ಹನ್ನೊಂದರ ಹತ್ತಿರ ಹೋದೆ.
ಇನ್ನೂ ಗುಂಡಿ ಒತ್ತುವ ಫೋನಿನ ಕೆಂಪಾಜಮ್ಮ
ಸೆರಗು ಸರಿಮಾಡಿಕೊಂಡು ಕುರ್ಚಿ ಬಿಟ್ಟೆದ್ದರು.
"ಈಗ ತೆಗೆಯುತ್ತೆ ಅಕ್ಕ," ಅಂದೆ, ವೈರು ನೋಡುತ್ತ.
"ಯಾವುದು, ಬೆಟ್ಟದಕೊಪ್ಪಲಾ?"
"ಅದಕ್ಕಿನ್ನೂ ಮೂರು ದಿನ ಬೇಕು."

ಫ್ಯಾನು ಕೆಮ್ಮಿತು.
ಅವರು ನನ್ನ ಮುಖ ನೋಡಲಿಲ್ಲ.
ಕೂತರು. ಹೊಸ ಮೌಸಿನ ಮೇಲೆ
ಕೈ ಇಟ್ಟರು, ಒತ್ತದೆ, ಸ್ವಲ್ಪ ಹೊತ್ತು.