ಎಂಟಿಂಚಿನ ಕನ್ನಡಿ

ಶಿವರಾತ್ರಿ ಅಮಾಸಿ. ನಿಂಬರ್ಗಾ ಹೈಸ್ಕೂಲಿನ ಮಾಳಿಗೆ.
ಕರೆಂಟು ಹೋದದ್ದಕ್ಕೆ ಇವತ್ತೊಂದಿನ ಯಾರೂ ಬೈಯಲಿಲ್ಲ.
ಗುರುವಿನ ನಾಲ್ಕು ಚಂದಿರ ಎಣಿಸಿ ಹುಡುಗರು ಮನೆಗೆ ಹೋದರು.
ಉಳಿದವನು ಗೈಬಣ್ಣ, ಬಾವಿ ತೋಡುವವನು,
ಶಾಲೆಯ ಮೋಟಾರು ನೋಡಲು ಬಂದು ಕರೆಂಟಿಗೆ ಕಾದವನು.
"ನನಗೂ ಒಂದು ತೋರಸ್ರಿ ಟೀಚರ್,
ಹುಡುಗರಿಗೆ ತೋರಸ್ಲಾರದ್ದು."

ಸಿಂಹದ ಹಿಂಗಾಲಿನ ಕಡೆ ಕೊಳವೆ ತಿರುಗಿಸಿದೆ.
ಅದಕ್ಕೆ ಹೆಸರಿಲ್ಲ, ಪಟ್ಟಿಯಲ್ಲೊಂದು ನಂಬರು,
ರೇಷನ್ ಕಾರ್ಡಿಗಿದ್ದ ಹಾಗೆ.
ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ.
"ಹಲಗಿ ಮ್ಯಾಲ ಸುಣ್ಣ ಒರಸಿಧಂಗ ಅದ. ಇಷ್ಟೇನ?"

ಇಷ್ಟೇ.
ಫೋಟೋದಲ್ಲಾದರೆ ಸುರುಳಿ ಇದೆ:
ನಡುವೆ ಮುದಿ ನಕ್ಷತ್ರಗಳ ಅರಿಶಿನದ ಉಬ್ಬು,
ಎರಡು ತೋಳು, ತೋಳಗುಂಟ ಎಳೆಯ ನೀಲಿ,
ಕೇರುವಾಗ ಓರೆ ಹಿಡಿದ ಮೊರದಂತೆ ವಾಲಿ
ಒಂದಂಚಿಗೆ ಸರಿದ ಹೊಟ್ಟಿನ ಹಾಗೆ ಧೂಳಿನ ಗೆರೆ.
ಕಣ್ಣಿಗೆ ಮಾತ್ರ ಈ ಮಸುಕು.

"ಎಷ್ಟು ದೂರ?"
ಬೆಳಕು ನಡೆದು ಬರಲು ಆರೂವರೆ ಕೋಟಿ ವರ್ಷ.
ಹೆಚ್ಚು ಕಡಿಮೆ. ಅಳೆದವರೂ ಆ ಅಂಕಿಯ ಪಕ್ಕ
ಕೂಡು, ಕಳೆ ಎರಡನ್ನೂ ಇಟ್ಟು ಬರೆದಿದ್ದಾರೆ.

ಅವನು ಮಾಳಿಗೆಯ ಅಂಚಿಗೆ ಹೋಗಿ
ಕೆಳಗೆ ಎರೆ ಹೊಲ ನೋಡಿದ, ಕತ್ತಲೊಳಗೆ ಇನ್ನೊಂದು ಕತ್ತಲು.
"ಆರಡಿ ಎರಿ. ಆಮ್ಯಾಲ ಗರಸು. ಆಮ್ಯಾಲ ಕರಿಕಲ್ಲು,
ಹಾರಿ ಬಿದ್ರ ಗಂಟಿ ಬಾರಿಸಿಧಂಗ.
ಆ ಕಲ್ಲಿನ ವಯಸ್ಸು ನೀವೇ ಹೇಳಿದ್ರಿ ಒಮ್ಮೆ."

ಹೇಳಿದ್ದೆ. ಮರೆತಿದ್ದೆ.
ಅದೇ ಲೆಕ್ಕ!
ಅಲ್ಲಿಂದ ಬೆಳಕು ಹೊರಟಾಗ
ಇಲ್ಲಿ ಕಲ್ಲು ಇನ್ನೂ ಕೆಂಪಗೆ ಹರಿಯುತ್ತಿತ್ತು.
ಬೆಳಕು ದಾರಿಯಲ್ಲಿರುವಾಗಲೇ ಅದು ಆರಿ, ಬಿರಿದು,
ಪುಡಿಯಾಗಿ, ತೊಗರಿಗೆ ಮಣ್ಣಾಗಿ,
ಇವನ ಉಗುರಿನ ಸಂದಿಗೆ ಬಂದು ಕೂತಿದೆ.

ಉಳಿದದ್ದನ್ನೂ ಹೇಳಿದೆ:
ಸೆಕೆಂಡಿಗೆ ಸಾವಿರದ ನಾಕುನೂರು ಕಿಲೋಮೀಟರು
ನಮ್ಮಿಂದ ಸರಿಯುತ್ತ, ಬೆಳಕು ತುಸುವೇ ಕೆಂಪಾಗುತ್ತ;
ಅಂಚಿನ ನಕ್ಷತ್ರಗಳು ನಿಧಾನ ಸುತ್ತಬೇಕಿತ್ತು,
ಸುತ್ತುತ್ತಿಲ್ಲ. ಏನೋ ಹಿಡಿದಿದೆ ಅವನ್ನು.
"ಏನದು?"
ಗೊತ್ತಿಲ್ಲ. ಕಾಣುವುದಿಲ್ಲ. ತೂಕವಷ್ಟೇ ಸಿಕ್ಕಿದೆ.
"ಅಂದ್ರ ಗೈಬ್," ಅಂದ,
ತನ್ನ ಹೆಸರನ್ನು ಯಾರೋ ಕರೆದಂತೆ
ಒಂದು ಗಳಿಗೆ ಸುಮ್ಮನಾದ.

ಕರೆಂಟು ಬಂತು. ಬೀದಿ ದೀಪದಲ್ಲಿ ಮಸುಕು ಅಳಿಯಿತು.
ಅವನು ಚಪ್ಪಲಿ ಹುಡುಕಿ ಮೆಟ್ಟಿಲಿಳಿದ.
ಸ್ವಲ್ಪ ಹೊತ್ತಿಗೆ ಟಾಕಿಯಲ್ಲಿ
ನೀರು ಬೀಳುವ ಸದ್ದು,
ಮೊದಲು ಕೆಮ್ಮಿ, ಆಮೇಲೆ ಒಂದೇ ಸಮ,
ಕರಿಕಲ್ಲಿನ ಒಳಗಿಂದ.